ಜರ್ದಾಳು ಗಿಡಕ್ಕೆ ಹೆಣೆದ ಕೋಟು

ಅವನು ಹೋಗುವ ಹಿಂದಿನ ದಿನ ವಿಶೇಷ ಏನೂ ಇರಲಿಲ್ಲ. ಬುಧವಾರ. ನನ್ನ ಗಂಡ ಮಾಮಾಸಾಲಿ ರಸ್ತೆಬದಿಯ ಬೇಲಿಯ ಹತ್ತಿರ ಗುಂಡಿ ತೋಡಿ ಜರ್ದಾಳು ಸಸಿ ನೆಡುತ್ತಿದ್ದ. ನಾನು ಪಕ್ಕದಲ್ಲಿ ಕೂತು ಕಾಲುಚೀಲ ಹೆಣೆಯುತ್ತಿದ್ದೆ.

"ಅಲ್ಲಿ ನೆಡಬೇಡ. ಬೆಟ್ಟದ ಗಾಳಿ ಸೀದಾ ಅಲ್ಲಿಗೇ ಹೊಡಿಯತ್ತೆ. ಚಳೀಲಿ ಸಾಯತ್ತೆ," ಅಂದೆ.

"ಹಂಗಿದ್ರೆ ಒಂದು ಕೋಟು ಹೆಣಿ, ಬೈಬಿಚೆ! ಊರಲ್ಲಿ ಕತ್ತೆಗೂ ಟೋಪಿ ಹೆಣೆದವಳು ನೀನು!" ಬೈಬಿಚೆ ಎಂದರೆ ಮನೆಯ ಯಜಮಾನಿ; ರೇಗಿಸುವಾಗ ಹಾಗೇ ಕರೆಯುತ್ತಿದ್ದ.

"ಹೆಣೀತೀನಿ! ಬಟ್ಕೆನ್ ಸೀಮೇಲಿ ಯಾವ ಗಿಡವೂ ತೊಟ್ಟಿರಬಾರದು, ಅಂಥ ಕೋಟು ಹೆಣೀತೀನಿ, ನೋಡ್ತಿರು!"

ನಕ್ಕ. ಚಹಾ ಕುಡಿದ. ಮರುದಿನ ಬೆಳಿಗ್ಗೆ ಬೂಟು ಹಾಕಿಕೊಳ್ಳಲು ಬಗ್ಗಿದವನು ಮತ್ತೆ ಏಳಲಿಲ್ಲ. ಅಷ್ಟೇ. ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಕೋಟಿನ ಬಗ್ಗೆ ಬರೆಯಬಲ್ಲೆ!

ಅವನು ಹೋದ ನಲವತ್ತನೆಯ ದಿನದ ಊಟ ಮುಗಿಯಿತು, ಬೇಸಿಗೆಯೂ ಮುಗಿಯಿತು. ಸಸಿ ಬದುಕಿತ್ತು. ಅವನ ಕೈಯ ಕೊನೆಯ ಕೆಲಸ ಅದು. ಬೆಳ್ಳುಳ್ಳಿ ಒಣಗಿದರೆ ಒಣಗಲಿ, ಕುಂಬಳ ಕೊಳೆತರೆ ಕೊಳೆಯಲಿ, ಇದು ಮಾತ್ರ ಸಾಯಕೂಡದು! ಚಳಿ ಬರುವ ಮೊದಲು ಪೆಟ್ಟಿಗೆ ತೆರೆದು ಉಳಿದ ಉಣ್ಣೆ ಉಂಡೆಗಳನ್ನೆಲ್ಲ ಸುರಿದುಕೊಂಡೆ. ಕಾಂಡಕ್ಕೆ ಮೈ, ಐದು ಕೊಂಬೆಗೆ ಐದು ತೋಳು. ಖಾನನ ಮಗನಿಗೂ ಇಂಥ ಉಡುಪು ಸಿಕ್ಕಿರಲಾರದು!

ಒಂದೇ ತಪ್ಪು. ಬಣ್ಣ ಬದಲಾಯಿಸಿದಲ್ಲೆಲ್ಲ ದಾರದ ತುದಿ ಉಳಿಯುತ್ತದೆ. ಅದನ್ನು ಸೂಜಿಯಿಂದ ಒಳಗೆ ಸೇರಿಸಿ ಮುಚ್ಚಬೇಕು. ನನಗೆ ಆ ಕೆಲಸ ಕಂಡರಾಗದು. ಗಿಡ ಏನು ಮದುವೆಗೆ ಹೋಗುತ್ತದೆಯೇ? ಬಿಟ್ಟೆ. ಕೆಂಪು, ಹಳದಿ, ನೀಲಿ, ಇನ್ನೂರು ತುದಿಗಳು ಗಾಳಿಗೆ ಪಟಪಟ ಹಾರಾಡಿದವು!

ರಸ್ತೆಬದಿಯಲ್ಲಿ ಒಂಟಿ ಗಿಡ, ಮೈತುಂಬ ಬಣ್ಣದ ದಾರ. ನಮ್ಮ ಕಡೆಯವರು ಇದನ್ನು ಕಂಡರೆ ಏನು ಅಂದುಕೊಳ್ಳುತ್ತಾರೆ? ಮಜಾರ್! ಕೆಳಗೆ ಯಾರೋ ಸಂತ ಮಲಗಿದ್ದಾನೆ, ಬಟ್ಟೆಚೂರು ಕಟ್ಟು, ಬೇಡಿಕೋ! ಅರವತ್ತು ವರ್ಷ ಈ ಊರಲ್ಲೇ ಬಾಳಿದ ನನಗೆ ಇದು ಹೊಳೆಯಲೇ ಇಲ್ಲ.

ಮೊದಲು ಒಂದು ಮಿನಿಬಸ್ಸು ನಿಂತಿತು. ಏಳು ಜನ ಇಳಿದು, ಬೇಡಿಕೊಂಡು ಅಂಗೈಗಳಿಂದ ಮುಖ ಸವರಿಕೊಂಡು, ಕರವಸ್ತ್ರ ಹರಿದು ಕಟ್ಟಿ ಹೋದರು. ಆಮೇಲೆ ಪಕ್ಕದ ಮನೆಯ ಜಿಪಾರ್ ತನ್ನ ಸೊಸೆಯನ್ನೇ ಕರೆತಂದಳು. ಜಿಪಾರ್ ನನಗಿಂತ ಹತ್ತು ವರ್ಷ ಚಿಕ್ಕವಳು, ನನ್ನನ್ನು ಎಜೆ, ಅಂದರೆ ಅಕ್ಕ, ಎನ್ನುವವಳು, ದಿನವೂ ಈ ಗಿಡ ನೋಡುವವಳು!

"ಇದು ನಾನು ಹೆಣೆದ ಕೋಟು ಕಣೇ!"

"ಗೊತ್ತು, ಎಜೆ. ಆದ್ರೆ ನಿಂಗೆ ಹೆಣೆಯೋಕೆ ಬುದ್ಧಿ ಕೊಟ್ಟಿದ್ದು ಯಾರು? ಅಣ್ಣ ಸಂತ ಆಗಿದಾನೆ!"

"ಮಾಮಾಸಾಲಿ? ಮಸೀದಿಗೆ ಹೋದಾಗೆಲ್ಲ ಬೇರೆಯವರ ಚಪ್ಪಲಿ ಹಾಕ್ಕೊಂಡು ಬರ್ತಿದ್ದನಲ್ಲ, ಆ ಮಾಮಾಸಾಲಿನಾ?"

"ದೇವರ ಧ್ಯಾನದಲ್ಲಿ ಇದ್ದೋರಿಗೆ ಚಪ್ಪಲಿ ಗುರುತು ಎಲ್ಲಿರತ್ತೆ!"

ನಾನು ಹಲಗೆ ಬರೆದು ನಿಲ್ಲಿಸಿದೆ: ಇದು ಮಜಾರ್ ಅಲ್ಲ. ಎರಡೇ ದಿನದಲ್ಲಿ ಹಲಗೆಗೂ ಹದಿನಾಲ್ಕು ಚೂರು ಕಟ್ಟಿದ್ದರು!

ಮೊಲ್ದೊ ಎರ್ಗೆಶ್ ಅವರನ್ನು ಕರೆಸಿದೆ. ಊರಿಗೆ ನಮಾಜು ಮಾಡಿಸುವವರು, ಗಂಟಲು ದೊಡ್ಡದು. "ಗಿಡದ ಹತ್ರ ಬೇಡಿಕೊಳ್ಳೋದು ಪಾಪ! ಮೂಢರಾ!" ಎಂದು ಗುಡುಗಿದರು. ಜನ ತಲೆ ತಗ್ಗಿಸಿಕೊಂಡು ಚದುರಿದರು. ನಾನು ಚಹಾ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಮೊಲ್ದೊ ಗಿಡಕ್ಕೆ ಬೆನ್ನು ಹಾಕಿ ನಿಂತಿದ್ದರು. ಬೆನ್ನ ಹಿಂದೆ ಕೈ ಏನೋ ಗಂಟು ಹಾಕುತ್ತಿತ್ತು.

"ಮೊಲ್ದೊ!"

"ಮಂಡಿ ನೋವು, ಅನಾರ್ಕುಲ್. ಯಾರಿಗೂ ಹೇಳ್ಬೇಡ."

ವಸಂತದ ಹಬ್ಬ ನೂರೂಜ್ ಹತ್ತಿರ ಬಂತು. ಬಿಸಿಲು ಏರಿತು. ಹಿಮ ಕರಗಿ ಬಟ್ಟೆಗಳೆಲ್ಲ ನೆನೆದು ತೂಗಿದವು. ಒಂದು ಕೊಂಬೆ ಚಟ್ ಎಂದು ಸೀಳಿತು. ನನ್ನ ಎದೆಯೂ! ಒದ್ದೆ ಉಣ್ಣೆಯೊಳಗೆ ತೊಗಟೆ ಕೊಳೆಯುತ್ತದೆ, ಮೊಗ್ಗು ಉಸಿರುಗಟ್ಟಿ ಸಾಯುತ್ತದೆ. ಕುರಿಯ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ ಹಿಡಿದು ಹೊರಗೆ ಬಂದೆ.

ಜಿಪಾರ್ ಓಡಿ ಬಂದಳು. "ಕತ್ತರಿಸಿದ್ರೆ ಜನರ ಹರಕೆನೇ ಕತ್ತರಿಸಿದ ಹಂಗೆ, ಎಜೆ!"

"ಇದು ನನ್ನ ಗಂಡನ ಗಿಡ! ಸಾಯ್ತಿದೆ!"

ಅವಳ ಸೊಸೆ ತಾನು ಕಟ್ಟಿದ ಬಿಳಿ ಚೂರನ್ನು ಹಿಡಿದುಕೊಂಡು ಅತ್ತಳು. ಮದುವೆಯಾಗಿ ಆರು ವರ್ಷ, ಮಡಿಲು ಇನ್ನೂ ಖಾಲಿ. ನನ್ನ ಕತ್ತರಿ ಅಲ್ಲಿಯೇ ನಿಂತಿತು.

"ಸರಿ! ಕತ್ತರಿಸಲ್ಲ, ಬಿಚ್ತೀನಿ!"

"ಬಿಚ್ಚೋ ಮೊದ್ಲು ಒಂದೊಂದನ್ನೂ ಅಣ್ಣನಿಗೆ ಹೇಳಿ ಬಿಚ್ಚು. ಇಲ್ದಿದ್ರೆ ಅವನಿಗೆ ಹೆಂಗೆ ಗೊತ್ತಾಗತ್ತೆ?" ಅಂದಳು ಜಿಪಾರ್.

ಮುನ್ನೂರ ಹನ್ನೆರಡು ಗಂಟು! ಒಂಬತ್ತು ದಿನ! ಉಗುರು ಸವೆಯಿತು. ಗೊತ್ತಿದ್ದವರದು ಹೆಸರು ಹಿಡಿದು ಹೇಳಿದೆ, ಗೊತ್ತಿಲ್ಲದವರದು "ಯಾರೋ ಪಾಪ, ನೋಡು" ಅಂದೆ. ಮೊದಲು ನಾಚಿಕೆಯಾಯಿತು. ನಾಲ್ಕನೆಯ ದಿನ ಬೈಯುತ್ತ ಹೇಳಿದೆ. ಒಂಬತ್ತನೆಯ ದಿನ ಕೋಟು ಕಳಚಿತು. ಸೀಳಿದ ಕೊಂಬೆ ಹೋಯಿತು. ಉಳಿದ ನಾಲ್ಕರಲ್ಲಿ ಮೊಗ್ಗು! ಕೆಂಪಗೆ, ಅಕ್ಕಿಕಾಳಿನಷ್ಟು, ಎಣಿಸಿದರೆ ಇಪ್ಪತ್ತಮೂರು! ಅಂಗಳದಲ್ಲಿ ಒಬ್ಬಳೇ ಕೂಗಿಬಿಟ್ಟೆ!

ಕೋಟು ಹೋಯಿತು, ದಾರ ಹೋಯಿತು, ಇನ್ನು ಯಾರೂ ಬರುವುದಿಲ್ಲ ಎಂದು ನಿಶ್ಚಿಂತೆಯಿಂದ ಈರುಳ್ಳಿ ಮಡಿ ಅಗೆಯುತ್ತಿದ್ದೆ. ಗೋಡೆಯ ಆಚೆಯಿಂದ ಜಿಪಾರ್ ಊರಿಗೇ ಕೇಳುವಂತೆ ಕಿರುಚಿದಳು: "ಎಜೆ! ಸೊಸೆ ಬೆಳಿಗ್ಗೆಯಿಂದ ವಾಂತಿ ಮಾಡ್ತಿದಾಳೆ!"

ಮರುದಿನ ಗಿಡದಲ್ಲಿ ನಲವತ್ತು ಚೂರು.

ಈಗ ದಿನಾ ಬೆಳಿಗ್ಗೆ ಚಹಾಕ್ಕೆ ನೀರಿಟ್ಟು ಹೊರಗೆ ಬರುತ್ತೇನೆ. ಒಂದೊಂದೇ ಗಂಟು ಬಿಚ್ಚುತ್ತೇನೆ, ಒಂದೊಂದೇ ಹೇಳುತ್ತೇನೆ. ಇವಳಿಗೆ ಮಗು, ಅವನಿಗೆ ವೀಸಾ, ಮೊಲ್ದೊಗೆ ಇನ್ನೊಂದು ಮಂಡಿ. ಕೊನೆಗೆ ನನ್ನದೂ ನಾಲ್ಕು ಮಾತು. ಮೂವತ್ತೊಂಬತ್ತು ವರ್ಷ ನನ್ನ ಒಂದು ಮಾತನ್ನೂ ಪೂರ್ತಿ ಕೇಳದ ಮನುಷ್ಯ! ಈಗ ಕದಲದೆ ನಿಂತು ಕೇಳುತ್ತಾನೆ. ಒಳಗೆ ಹೋಗುವಷ್ಟರಲ್ಲಿ ನೀರೆಲ್ಲ ಆವಿಯಾಗಿರುತ್ತದೆ, ಮತ್ತೆ ಇಡುತ್ತೇನೆ.