ನೆಮ್ಮದಿಗೆ ಹತ್ತಕ್ಕೆಷ್ಟು?

ಬದುಕು ಹೇಗಿದೆ ಎಂದು ಯಾರಾದರೂ ಕೇಳಿದರೆ ‘ಪರವಾಗಿಲ್ಲ’ ಎಂದು ಜಾರಿಕೊಳ್ಳುವ ಜನ ನಾವು. ಚೆನ್ನಾಗಿದೆ ಅಂದರೆ ದೃಷ್ಟಿ ತಾಗೀತು, ಚೆನ್ನಾಗಿಲ್ಲ ಅಂದರೆ ಮೇಲಿರುವ ಅಸ್ತು ದೇವತೆಗಳು ‘ಅಸ್ತು’ ಅಂದುಬಿಟ್ಟಾರು. ಇಂಥವರ ನೆಮ್ಮದಿಗೆ ಹತ್ತಕ್ಕೆ ಎಷ್ಟು ಅಂಕವೆಂದು ಕೇಳಲು ಚೆನ್ನೈ ಪುರಸೈವಾಕ್ಕಂನ ನಮ್ಮ ಮನೆಗೆ ಒಂದು ಸಂಜೆ ಕಾಲೇಜು ಹುಡುಗಿಯೊಬ್ಬಳು ಬಂದಳು. ಬೇರೆ ಬೇರೆ ದೇಶಗಳಲ್ಲೂ ಇವೇ ಪ್ರಶ್ನೆಗಳಂತೆ. ಯಾರ ಬದುಕು ಎಷ್ಟು ಮೇಲು ಎಂದು ಹೋಲಿಸಿ ನೋಡುತ್ತಾರಂತೆ.

ನಾನು ಉಬ್ಬಿಹೋದೆ. ಇನ್ಶೂರೆನ್ಸ್ ಕಚೇರಿಯಲ್ಲಿ ನನ್ನ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಸೊಳ್ಳೆ ಬಾರದಂತೆ ಕಿಟಕಿಗಳನ್ನೆಲ್ಲ ಮುಚ್ಚಿ ಗಂಭೀರವಾಗಿ ಕುಳಿತೆ. ನೆಗಡಿಯಿಂದ ಮೂಗು ಕಟ್ಟಿದ್ದ ಅಮ್ಮನೂ ಒಲೆಯ ಮೇಲೆ ಹಾಲಿಟ್ಟು ಬಂದು ನನ್ನ ಪರೀಕ್ಷೆ ನೋಡುತ್ತ ನಿಂತಳು. ಹವೆಗೆ ಒಂದು ಅಂಕ ಕೊಟ್ಟೆ. ಚೆನ್ನೈನ ಬೆವರಿಗೆ ಅದೂ ಹೆಚ್ಚೇ. ಮನೆಯೊಳಗಿನ ಸುರಕ್ಷತೆಗೆ ಎಷ್ಟು ಎಂದಾಗ ಏಳೋ ಎಂಟೋ ತೋಚಲಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು. ಏನೋ ವಾಸನೆ. ಮೋರಿಯದಿರಬೇಕು ಎಂದುಕೊಂಡು, “ಏಳೂವರೆ ಹಾಕಬಹುದಾ?” ಎಂದೆ.

“ಅರ್ಧ ಎಲ್ಲಾಂ ಕೆಡೆಯಾದು ಸಾರ್” ಎಂದಳು ಹುಡುಗಿ ತಮಿಳಿನಲ್ಲಿ. ಅರ್ಧಕ್ಕೆ ಅವರಲ್ಲಿ ಜಾಗವಿಲ್ಲವಂತೆ.

“ಮುಸ್ಸಂಜೇಲಿ ದೀಪ ಇಲ್ದೆ ಇರಬಾರದು ಕಣೋ” ಎನ್ನುತ್ತ ಅಮ್ಮ ಅಡುಗೆಮನೆಯ ದೇವರ ಗೂಡಿಗೆ ನಡೆದಳು. ಬೆಂಕಿಪೊಟ್ಟಣ ಅಲುಗಿದ ಸದ್ದಾಯಿತು. ನನ್ನ ಮೂಗಿನ ಸುದ್ದಿ ತಲೆಗೆ ಮುಟ್ಟಿದ್ದು ಆಗಲೇ: ಹಾಲು ಉಕ್ಕಿ ಒಲೆ ಆರಿದೆ, ಗ್ಯಾಸು ಸೋರುತ್ತಲೇ ಇದೆ! ಕೂಗಲು ಬಾಯಿ ತೆರೆಯುವಷ್ಟರಲ್ಲಿ ಕತ್ತಲಲ್ಲಿ ಸರ್ರೆಂದು ಕಡ್ಡಿ ಗೀರಿದ್ದು ಕೇಳಿಸಿತು.

ಹತ್ತಲಿಲ್ಲ.

“ಹಾಳು ಊರು, ಕಡ್ಡೀನೂ ಬೆವರುತ್ತೆ” ಎಂದು ಅಮ್ಮ ಇನ್ನೊಂದನ್ನು ತೆಗೆದಳು. ಟೀಪಾಯಿ ಎಡವಿ, ಬಿದ್ದು, ಎದ್ದು ಹೋಗಿ ಆ ಕೈ ಹಿಡಿದೆ. ಈಗಲೂ ಯಾರಾದರೂ ಸರ್ರೆಂದು ಕಾಗದ ಹರಿದರೆ ನನ್ನ ಎದೆ ನಿಲ್ಲುತ್ತದೆ. ಸಿಲಿಂಡರು ಮುಚ್ಚಿ ಕಿಟಕಿಗಳನ್ನು ತೆರೆಯುವಾಗ, ದೇವರೇ ಕರೆಂಟು ಬಾರದಿರಲಿ ಎಂದು ಜೀವನದಲ್ಲಿ ಮೊದಲ ಸಲ ಬೇಡಿಕೊಂಡೆ.

ಮೂವರೂ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆವು. ಹುಡುಗಿ ಆಗಲೂ ಕೆಲಸ ಬಿಡಲಿಲ್ಲ. “ಸೇಫ್ಟಿಗೆ ಎಷ್ಟು ಸಾರ್?”

“ಸೊನ್ನೆ.”

“ಸೊನ್ನೆಯಂತೆ ಸೊನ್ನೆ! ಹತ್ತು ಹಾಕಮ್ಮ ನೀನು” ಎಂದಳು ಅಮ್ಮ. “ಮೂರು ಜನಾನೂ ಕೂತ್ಕೊಂಡು ಮಾತಾಡ್ತಾ ಇಲ್ವಾ?”

ಹುಡುಗಿ ಇಬ್ಬರ ಮುಖವನ್ನೂ ನೋಡಿ, ನ್ಯಾಯವಾಗಿ ಎರಡನ್ನೂ ಕೂಡಿಸಿ ಭಾಗಿಸಿ, ಐದು ಬರೆದುಕೊಂಡಳು. ನಮ್ಮದು ಅಷ್ಟಕ್ಕಷ್ಟೆ ನೆಮ್ಮದಿಯ ಮನೆ ಎಂದು ಯಾವುದೋ ದೇಶದ ಪಂಡಿತರು ತೀರ್ಮಾನಿಸಿರಬೇಕು. ಆ ಐದೂ ಅಮ್ಮನದೇ ಎಂಬುದು ಅವರಿಗೇನು ಗೊತ್ತು?