ಹಲಗೆಹಾದಿಯ ಓಟ

ಆ ಬೆಳಿಗ್ಗೆ ಎರ್ಮುಖಾನನ ಫೋನು ಸರೋವರಕ್ಕೆ ಬಿತ್ತು. ಬೀಳದೆ ಏನು ಮಾಡೀತು? ಜೊಂಡಿನಾಚೆ ಫ್ಲೆಮಿಂಗೊಗಳು ಗುಲಾಬಿ ಮೋಡದಂತೆ ಇಳಿಯುವುದನ್ನು ಕಂಡು, ಅವನು ಎರಡೂ ಕೈ ಎತ್ತಿ ಕುಣಿದುಬಿಟ್ಟಿದ್ದ.

ಕಜಾಕ್ ಹುಲ್ಲುಗಾವಲಿನ ಆ ಪಕ್ಷಿಧಾಮದಲ್ಲಿ ಜೌಗಿನ ಮೇಲೆ ಹಾಸಿದ ಹಲಗೆಹಾದಿ ಕಾಯುವುದು ಅವನ ಕೆಲಸ. ಒಳ್ಳೆ ಸುದ್ದಿ ಮೊದಲು ತಂದವರು "ಸುಯಿಂಶಿ!" ಎಂದು ಕೂಗಿದರೆ ಕೇಳಿದವರು ಉಡುಗೊರೆ ಕೊಡಲೇಬೇಕು, ಅದು ಅಜ್ಜನ ಕಾಲದ ಕಟ್ಟಳೆ. ಫ್ಲೆಮಿಂಗೊ ಬಂದ ಸುದ್ದಿಗೆ ತಮ್ಮ ಹೊಸ ದುರ್ಬೀನನ್ನೇ ಕೊಡುವುದಾಗಿ ನಿರ್ದೇಶಕ ತಾಲ್ಗಾತರು ಹೇಳಿದ್ದರು. ಎರ್ಮುಖಾನನ ಹಳೆಯದರಲ್ಲಿ ನೋಡಿದರೆ ಬಾತೂ ಒಂದೇ, ಒಂಟೆಯೂ ಒಂದೇ.

ಕಚೇರಿಯ ದಾರಿಯಲ್ಲಿ ನೆರೆಮನೆಯ ಬಾಲ್‌ಶೆಕೆರ್ ಅಜ್ಜಿ ಎದುರಾದಳು.

"ಸುಯಿಂಶಿ! ನಿಲ್ಲೋ ಎರ್ಮುಖಾನ್, ಸುಯಿಂಶಿ!"

ಅಯ್ಯೋ, ಮುದುಕಿ ಹಕ್ಕಿಗಳನ್ನು ನೋಡಿಬಿಟ್ಟಳು!

"ನಾನೇ ಮೊದ್ಲು ನೋಡಿದ್ದು ಅಜ್ಜಿ!" ಎಂದು ಓಟ ಕಿತ್ತ.

"ನಿಂತ್ಕೊಳ್ಳೋ ಕತ್ತೆ!" ಅಜ್ಜಿಯೂ ಲಂಗ ಎತ್ತಿ ಹಿಂದೆ ಓಡಿದಳು.

ಪ್ರವೇಶದ ಚೀಟಿ ಕೊಡುವ ಕುವಾನಿಶ್ ಕಿಟಕಿಯಿಂದ ತಲೆ ಹಾಕಿದ. "ಎಪ್ಪತ್ತರ ಹೆಂಗ್ಸು ಅಟ್ಟಿಸ್ಕೊಂಡು ಬರ್ತಿದ್ದಾಳಲ್ಲೋ, ಅವಳ ಮನೇಲಿ ಏನು ಕದ್ದೆ?"

ಉತ್ತರ ಕೊಡಲು ತಿರುಗಿದ ಎರ್ಮುಖಾನ್ ಹಲಗೆ ತಪ್ಪಿ ಕೆಸರಿಗುರುಳಿದ. ಒಂದು ಬೂಟನ್ನು ಅಲ್ಲೇ ಬಿಟ್ಟು, ಎದ್ದು, ಮತ್ತೆ ಓಡಿದ.

"ಸುಯಿಂಶಿ ಸಾಹೇಬ್ರೇ! ಹಕ್ಕಿ ಬಂದ್ವು!"

ತಾಲ್ಗಾತರು ಅವನನ್ನು ಕೆಸರು ಸಮೇತ ತಬ್ಬಿಕೊಂಡು, ದುರ್ಬೀನನ್ನು ಕೊರಳಿಗೆ ಹಾಕಿದರು. ದೂರದ ಬಾತಿನ ಒಂದೊಂದು ಗರಿಯೂ ಕಂಡಿತು! ಅಷ್ಟರಲ್ಲಿ ಅಜ್ಜಿ ಬಂದು ಬಾಗಿಲಿಗೊರಗಿದಳು.

"ಸೋತ್ರಿ ಬಿಡಿ ಅಜ್ಜಿ."

"ನಿನ್ನ ಹಕ್ಕಿ ಯಾರಿಗೆ ಬೇಕೋ! ನಿನ್ ಫೋನೆಲ್ಲಿ ಸತ್ತಿದೆ? ನೀನು ಸಿಗ್ದೆ ನಿನ್ ಅಳಿಯ ಕೊನೇಗೆ ನಂಗೆ ಫೋನ್ ಮಾಡ್ದ. ಮದುವೆಯಾಗಿ ಹನ್ನೊಂದು ವರ್ಷಕ್ಕೆ ನಿನ್ ಮಗಳು ಹೆತ್ತಿದ್ದಾಳೆ. ಹೆಣ್ಣು ಮಗು! ಇಬ್ರೂ ಚೆನ್ನಾಗಿದ್ದಾರೆ. ಕೊಡೀಗ ನನ್ನ ಸುಯಿಂಶಿ!"

ಎರ್ಮುಖಾನ್ ಜೇಬು ತಡಕಿದರೆ ಬರೀ ಕೆಸರು. ಅಜ್ಜಿಯ ಕಣ್ಣು ಆಗಲೇ ಅವನ ಕೊರಳ ಮೇಲಿತ್ತು. ಅಳುತ್ತ ನಗುತ್ತ ದುರ್ಬೀನು ಕಳಚಿ ಆಕೆಗೆ ಹಾಕಿದ. ಅದೂ ಸಾಲದೆನ್ನಿಸಿ ಆಕೆಯ ಎರಡೂ ಕೈಗಳನ್ನು ಕಣ್ಣಿಗೊತ್ತಿಕೊಂಡ.

ಅಜ್ಜಿ ಹಕ್ಕಿಗಳತ್ತ ತಿರುಗಲೇ ಇಲ್ಲ. ದುರ್ಬೀನನ್ನು ನೇರ ಊರಿನ ಕಡೆ ಹಿಡಿದಳು.

"ಅಯ್ಯೋ, ದಾರೀಲಿ ನಾಲ್ಕು ಜನಕ್ಕಷ್ಟೇ ಹೇಳಿದ್ದೆ ಕಣೋ! ಊರಿಗೆ ಊರೇ ನಿನ್ ಕುರಿದೊಡ್ಡೀಲಿದೆ. ಮಗು ಹುಟ್ಟಿದ ಊಟಕ್ಕೆ ಯಾವ ಕುರಿ ಕುಯ್ಯೋದು ಅಂತ ಹಿಡಿದು ಹಿಡಿದು ನೋಡ್ತಿದ್ದಾರೆ."

ಎರ್ಮುಖಾನ್ ಕಿಟಕಿಗೆ ನೆಗೆದ. ಅರ್ಧ ಹರದಾರಿ ದೂರದವರಿಗೆ ಕೇಳಿಸುವುದೆಂಬಂತೆ ಕೂಗಿದ:

"ಆ ದಪ್ಪದ್ದನ್ನೇ ಹಿಡೀರೋ!"