ಸುಲೋಚನೆಯ ಹನ್ನೊಂದು ಸಂಖ್ಯೆಗಳು

ನಾನು ಸುಳ್ಳು ಹೇಳುವವನಲ್ಲ. ಆದರೆ ‘ನಾಳೆ’ ಎನ್ನುತ್ತೇನೆ. ಇವೆರಡರ ನಡುವೆ ಅಂಥ ವ್ಯತ್ಯಾಸವೇನೂ ಇಲ್ಲವೆಂಬುದು ನನ್ನ ಹೆಂಡತಿಯ ಅಭಿಪ್ರಾಯ. ಯಡ್ರಾಮಿಯ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗಣಿತ ಕಲಿಸುತ್ತಿದ್ದೇನೆ. ಇವತ್ತಿನ ಲೆಕ್ಕ ಇವತ್ತೇ ಮಾಡಿ ಎಂದು ತರಗತಿಯಲ್ಲಿ ಗಂಟಲು ಹರಿದುಕೊಳ್ಳುತ್ತೇನೆ. ಮನೆಗೆ ಬಂದರೆ, ನಮ್ಮ ಬಚ್ಚಲುಮನೆಯ ಚಿಲಕ ಮುರಿದು ಎಂಟು ವರ್ಷವಾಗಿದೆ. ಬಾಗಿಲಿಗೆ ಸುತಳಿ ಕಟ್ಟಿದ್ದೇವೆ. ಸುತಳಿಯನ್ನು ಮಾತ್ರ ಎರಡು ಸಲ ಬದಲಾಯಿಸಿದ್ದೇನೆ. ಇಂಥ ನಾನು ಕಳೆದ ವರ್ಷ ಒಂದು ಕೆಲಸವನ್ನು ಅಪರೂಪಕ್ಕೆ ಆ ಕ್ಷಣದಲ್ಲೇ ಮಾಡಿಬಿಟ್ಟೆ. ಅನಾಹುತ ಆದದ್ದು ಅದರಿಂದಲೇ.

ಮನೆಗೆ ಒಂದು ಹಳೆಯ ಕಂಪ್ಯೂಟರು ತಂದಿದ್ದೆ. ಕಲಬುರ್ಗಿಯ ಯಾವುದೋ ಆಫೀಸಿನವರು ಬೇಡವೆಂದು ಮಾರಿದ್ದು. ಪ್ರಶ್ನೆಪತ್ರಿಕೆ ಟೈಪು ಮಾಡಲು ಎಂದು ಮನೆಯಲ್ಲಿ ಹೇಳಿದ್ದೆ. ಅದು ವರ್ಷಕ್ಕೆ ನಾಲ್ಕು ದಿನದ ಕೆಲಸ. ಉಳಿದ ದಿನ ಅದನ್ನೇನು ಮಾಡುವುದು ಎಂದು ಕೊರಗುತ್ತಿರುವಾಗ, ಕಲಬುರ್ಗಿಯಲ್ಲಿ ಹೊಸದಾಗಿ ಇಂಟರ್ನೆಟ್ ಅಂಗಡಿ ತೆರೆದಿದ್ದವನೊಬ್ಬ ಒಂದು ದಾರಿ ತೋರಿಸಿದ. ದೂರದ ದೇಶದ ಗಣಿತದ ಹುಚ್ಚರು ಕೆಲವರು ಲಕ್ಷಗಟ್ಟಲೆ ಅಂಕಿಗಳ ಒಂದೊಂದು ಸಂಖ್ಯೆಯನ್ನು ಜಗತ್ತಿನ ಮನೆಮನೆಯ ಕಂಪ್ಯೂಟರುಗಳಿಗೆ ಹಂಚುತ್ತಾರಂತೆ. ಆ ಸಂಖ್ಯೆ ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲಾದರೂ ಭಾಗವಾಗುತ್ತದೋ ಇಲ್ಲವೋ ಎಂದು ಯಂತ್ರ ಕೂತು ಪರೀಕ್ಷಿಸಿ ಉತ್ತರ ಹೇಳಬೇಕು. ಒಂದು ಸಂಖ್ಯೆಗೆ ನಮ್ಮ ಯಂತ್ರಕ್ಕೆ ಸುಮಾರು ಒಂದೂವರೆ ತಿಂಗಳು ಬೇಕು. ಯಡ್ರಾಮಿಗೆ ಇಂಟರ್ನೆಟ್ ಎಂಬುದು ಇನ್ನೂ ಬಂದಿರಲಿಲ್ಲವಾದ್ದರಿಂದ ನಾನು ಫ್ಲಾಪಿಯೊಂದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕಲಬುರ್ಗಿಗೆ ಹೋಗಿ, ಉತ್ತರ ಕೊಟ್ಟು, ಹೊಸ ಸಂಖ್ಯೆ ತರುತ್ತಿದ್ದೆ. ಬಸ್ಸಿನಲ್ಲಿ ಯಾರಾದರೂ ಎಲ್ಲಿಗೆ ಹೊರಟಿರಿ ಸರ್ ಎಂದರೆ, ‘ಒಂದು ಉತ್ತರ ಕೊಡೋದದ’ ಎನ್ನುತ್ತಿದ್ದೆ. ಅವರು ಇದು ಕೋರ್ಟಿನ ತಂಟೆ-ಭಾನಗಡಿಯೇ ಇರಬೇಕೆಂದು ಮರುಕದಿಂದ ಕಿಟಕಿಯ ಪಕ್ಕದ ಸೀಟು ಬಿಟ್ಟುಕೊಡುತ್ತಿದ್ದರು.

ಮೊದಲ ದಿನ ಯಂತ್ರಕ್ಕೊಂದು ಹೆಸರು ಕೊಡಬೇಕಿತ್ತು. ಹೆಂಡತಿ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಪಕ್ಕದಲ್ಲೇ ಕೂತಿದ್ದಳು.

“ಇಷ್ಟೆಲ್ಲ ದುಡಿದ್ರ ಅವರು ಇದಕ್ಕ ಏನ್ ಕೊಡ್ತಾರ್ರಿ?”

“ಏನೂ ಇಲ್ಲ. ಪುಕ್ಕಟ ಸೇವಾ.”

“ಹಗಲೂ ರಾತ್ರಿ ಪುಕ್ಕಟ ದುಡಿತದಂದ್ರ ಇದು ಹೆಣ್ಣೇ ಅದ. ಹೆಣ್ಣಿನ ಹೆಸರೇ ಇಡ್ರಿ. ಸುಲೋಚನಾ ಅಂತ ಬರೀರಿ.”

ಬರೆದೆ. ಬರೆದ ಮೇಲೆ ಹೊಳೆಯಿತು, ಸುಲೋಚನಾ ಎಂದರೆ ಅವಳೇ. ನಮ್ಮ ಕಡೆ ಮದುವೆಯಾಗಿ ಬಂದ ಸೊಸೆಗೆ ಹೊಸ ಹೆಸರಿಡುವ ಪದ್ಧತಿ. ಅಫಜಲಪುರ ತಾಲೂಕಿನ ಅತನೂರಿನಿಂದ ಸುಲೋಚನಾ ಎಂದು ಹೊರಟವಳು ನಮ್ಮ ಮನೆಯ ಹೊಸ್ತಿಲು ದಾಟುವಷ್ಟರಲ್ಲಿ ನೀಲಮ್ಮ ಆಗಿದ್ದಳು. ಹೆಸರು ಆರಿಸಿದವಳು ನಮ್ಮವ್ವ. ತಟ್ಟೆಯಲ್ಲಿ ಹರವಿದ ಅಕ್ಕಿಯ ಮೇಲೆ ಉಂಗುರದಿಂದ ಅದನ್ನು ಬರೆದವನು ನಾನು. ಮಾಸ್ತರನ ಅಕ್ಷರ ಎಷ್ಟು ದುಂಡಗಿದೆ ಎಂದು ಹಿರಿಯರು ಹೊಗಳಿದ್ದು ಇಂದಿಗೂ ನೆನಪಿದೆ. ಆಗ ಅವಳ ಮುಖ ಹೇಗಿತ್ತೋ ನೆನಪಿಲ್ಲ. ನಾನು ನೋಡಿರಲೇ ಇಲ್ಲ.

ಹೆಸರೇ ತಾನೇ, ಅದರಲ್ಲೇನಿದೆ ಎನ್ನಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಅವಳು ಮದುವೆಗೆ ಮುಂಚೆ ಶಿಕ್ಷಕಿಯರ ತರಬೇತಿ ಮುಗಿಸಿದ್ದಳು, ಅದೂ ಫಸ್ಟ್ ಕ್ಲಾಸಿನಲ್ಲಿ. ಮದುವೆಯಾದ ಮೂರನೇ ವರ್ಷ ಪ್ರಾಥಮಿಕ ಶಾಲೆಗಳಿಗೆ ಶಿಕ್ಷಕರು ಬೇಕೆಂದು ಸರಕಾರ ಅರ್ಜಿ ಕರೆಯಿತು. ಸರ್ಟಿಫಿಕೇಟಿನಲ್ಲಿ ‘ಸುಲೋಚನಾ ತಂದೆ ಗುರುಲಿಂಗಪ್ಪ’, ರೇಷನ್ ಕಾರ್ಡಿನಲ್ಲಿ ‘ನೀಲಮ್ಮ ಗಂಡ ಶಿವಶರಣಪ್ಪ’. ಇಬ್ಬರೂ ಒಬ್ಬಳೇ ಎಂದು ಜೇವರ್ಗಿಯ ಕೋರ್ಟಿನಲ್ಲಿ ಒಂದು ಅಫಿಡವಿಟ್ಟು ಮಾಡಿಸಬೇಕಿತ್ತು. ಆಗ ಅವಳು ಕೈಗೂಸಿನ ತಾಯಿ. ಆ ಕಾಲದ ಸೊಸೆ ಒಬ್ಬಳೇ ಕೋರ್ಟಿಗೆ ಹೋಗುವ ಮಾತೇ ಇರಲಿಲ್ಲ, ನಾನೇ ಕರೆದುಕೊಂಡು ಹೋಗಬೇಕಿತ್ತು. “ನಾಳಿ ಹೋಗೋಣು” ಎಂದೆ. ಮರುದಿನ ಶಾಲೆಯ ಖೋಖೋ ಪಂದ್ಯ. ಅದರ ಮರುದಿನ ಇನ್ಸ್‌ಪೆಕ್ಟರು ಬರುವವರಿದ್ದರು. ಬರಲಿಲ್ಲ, ಆದರೆ ನಾವು ಕಾದೆವು. ಹೀಗೆ ಕಾಯುತ್ತಲೇ ಕೊನೆಯ ತಾರೀಖು ದಾಟಿತು. ಮುಂದೆ ಮತ್ತೊಮ್ಮೆ ಅರ್ಜಿ ಕರೆಯುವ ಹೊತ್ತಿಗೆ ಅವಳ ವಯಸ್ಸು ಮೀರಿತ್ತು. ಅವಳು ಜಗಳವಾಡಲಿಲ್ಲ. ಸರ್ಟಿಫಿಕೇಟನ್ನು ಮದುವೆಯ ಸೀರೆಯ ಕೆಳಗಿಟ್ಟು ಟ್ರಂಕು ಮುಚ್ಚಿದಳು. ಜಗಳವಾಡಿದ್ದರೆ ಚೆನ್ನಾಗಿತ್ತು ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಇರಲಿ. ಕಂಪ್ಯೂಟರಿನ ಸುಲೋಚನಾ ಮಾತ್ರ ನಮ್ಮ ಮನೆಯಲ್ಲಿ ಚೆನ್ನಾಗಿ ಬಾಳಿತು. ನೋಡಿಕೊಂಡವಳು ಹೆಂಡತಿಯೇ. ಕರೆಂಟು ಹೋಗಿ ಬಂದರೆ ಮತ್ತೆ ಶುರು ಮಾಡುವುದು, ಬೇಸಿಗೆಯಲ್ಲಿ ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸುವುದು (ಆಗ ನನಗೆ ಗಾಳಿ ಇಲ್ಲ), ದಿನಾ ಸಂಜೆ ಕೆಲಸ ಶೇಕಡಾ ಎಷ್ಟಾಯಿತೆಂದು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ಎಲ್ಲ ಅವಳದೇ. ಮೊದಲ ಸಂಖ್ಯೆಗೆ ‘ಇದು ಭಾಗವಾಗುತ್ತದೆ, ನಾವು ಹುಡುಕುವುದು ಇದಲ್ಲ’ ಎಂಬ ಉತ್ತರ ಬಂದಾಗ ನಾನು ಸಪ್ಪಗಾದೆ. ಅವಳು ನಕ್ಕಳು.

“ಇಲ್ಲ ಅನ್ನಾಕ ಇದಕ್ಕ ಒಂದೂವರಿ ತಿಂಗಳ ಬೇಕಾಯ್ತೇನ್ರಿ? ನೀವಾದ್ರ ಒಂದು ಮಿನಿಟದಾಗ ಅಂತಿದ್ರಿ.”

ಹೀಗೆ ಹನ್ನೊಂದು ಸಂಖ್ಯೆಗಳು ಮುಗಿದವು. ಹನ್ನೊಂದೂ ‘ಇದಲ್ಲ’. ಹನ್ನೆರಡನೆಯದು ಶೇಕಡಾ ಅರವತ್ತೆರಡರಲ್ಲಿದ್ದಾಗ ಯಂತ್ರ ನರಳತೊಡಗಿತು. ಕಲಬುರ್ಗಿಯ ಅಂಗಡಿಯವನು ಅದನ್ನು ತೆಗೆದುಕೊಂಡು, ಮೇಲಿಷ್ಟು ದುಡ್ಡಿಗೆ ಹೊಸದು ಕೊಟ್ಟ. ಹಳೆಯದನ್ನು ಅಳಿಸುವ ಮುಂಚೆ ಒಂದು ಫ್ಲಾಪಿಗೆ ಏನೋ ಇಳಿಸಿಕೊಟ್ಟು, “ಸರ್, ಇದು ಜೋಪಾನ್ರಿ. ಡಬ್ಬಿ ಬದಲಿ ಆದ್ರೂ ಗುರುತು ಬದಲಿ ಆಗಬಾರದು. ಇದನ್ನ ಹೊಸ ಮಷೀನಿಗಿ ಹಾಕಿದ್ರ ಹಳೀ ಹೆಸರು, ಮಾಡಿದ ಕೆಲಸ, ಅರ್ಧಾಕ ನಿಂತಿದ್ದು ಎಲ್ಲಾ ಬರೋಬ್ಬರಿ ಮುಂದುವರಿತದ” ಎಂದ. ಎಂಥ ನ್ಯಾಯವಾದ ಏರ್ಪಾಡು ಎಂದು ನಾನು ಬಸ್ಸಿನುದ್ದಕ್ಕೂ ಮೆಚ್ಚಿಕೊಂಡೇ ಬಂದೆ. ಹೆಂಡತಿ ಆ ಫ್ಲಾಪಿಯ ಮೇಲೆ ಚೀಟಿ ಅಂಟಿಸಿ ‘ಸುಲೋಚನಾ’ ಎಂದು ಬರೆದಿಟ್ಟಳು.

ಮರುದಿನ ಹೊಸ ಯಂತ್ರಕ್ಕೆ ಪೂಜೆ. ಹೆಂಡತಿ ಒಳಗೆ ಹೋಳಿಗೆಯ ಹೂರಣ ಅರೆಯುತ್ತಿದ್ದಳು. ಅವ್ವ ಬಂದು ಪರದೆಯ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದಳು. ನಾನು ಗುಂಡಿ ಒತ್ತಿದೆ. ಹಳೆಯ ಗುರುತು ಮುಂದುವರಿಸಬೇಕೋ, ಹೊಸ ಹೆಸರು ಕೊಡುತ್ತೀರೋ ಎಂದು ಅದು ಕೇಳಿತು. ಅವ್ವನಿಗೆ ಓದಿ ಹೇಳಿದೆ.

“ಹೊಸಾದು ಮನಿಗಿ ಬಂದದ. ಹೊಸ ಹೆಸರು ಇಡಬೇಕಪ್ಪ. ನಮ್ಮತ್ತಿ ಹೆಸರು ಇಡು, ಗಂಗಮ್ಮ.”

ನಾನು ದುಂಡಗೆ ಗಂಗಮ್ಮ ಎಂದು ಒತ್ತಿದೆ. ಹಳೆಯದನ್ನು ನಾಳೆ ನೋಡಿದರಾಯಿತು ಎಂದುಕೊಂಡೆ. ಮರುದಿನ ಹೆಡ್‌ಮಾಸ್ತರರು ಅರ್ಧವಾರ್ಷಿಕ ಪ್ರಶ್ನೆಪತ್ರಿಕೆ ಇವತ್ತೇ ಪ್ರೆಸ್ಸಿಗೆ ಹೋಗಬೇಕು ಎಂದರು. ಕೈಗೆ ಸಿಕ್ಕಿದ್ದು ಒಂದೇ ಫ್ಲಾಪಿ. ಜೀವಮಾನದಲ್ಲಿ ಒಮ್ಮೆ ನಾಳೆ ಎನ್ನದೆ, ಅದರಲ್ಲಿದ್ದುದನ್ನು ಅಳಿಸಿ ಒಂಬತ್ತನೇ ತರಗತಿಯ ಬೀಜಗಣಿತ ತುಂಬಿಸಿದೆ. ಅಂಟಿಸಿದ್ದ ಚೀಟಿಯನ್ನು ಕಿತ್ತು ಬಿಸಾಕಿದವನೂ ನಾನೇ, ಓದಲಿಲ್ಲ ಎಂದು ಹೇಳಿಕೊಳ್ಳಲೂ ಬರುವಂತಿಲ್ಲ.

ಹಿಂದಿನ ದಿನ ಹೋಳಿಗೆಯ ಗಡಿಬಿಡಿಯಲ್ಲಿ ಬಿಟ್ಟಿದ್ದ ಹೆಂಡತಿ ಸಂಜೆ ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಬಂದು ಪರದೆ ನೋಡಿದಳು.

“ಅರವತ್ತೆರಡಕ್ಕ ಇತ್ತಲ್ರಿ. ಇಲ್ಲಿ ಸೊನ್ನಿ ಅದ.”

“ಇದು ಗಂಗಮ್ಮ” ಎಂದೆ.

“ಮತ್ತ ಸುಲೋಚನಾ? ನನ್ನ ಹನ್ನೊಂದು?”

ಎಲ್ಲ ಹೇಳಿದೆ. ಅವಳು, “ಹೊಸ ಮನಿಗಿ ಬಂದ್ರ ಹಿಂದಿಂದೆಲ್ಲ ಸೊನ್ನಿ. ಇರ್ಲಿ ಬಿಡ್ರಿ, ನಮ್ಮನ್ಯಾಗ ಪದ್ಧತಿನೇ ಹಂಗದ” ಎಂದು ಪೆನ್ಸಿಲನ್ನು ಟೇಬಲ್ಲಿನ ಮೇಲಿಟ್ಟು ರೊಟ್ಟಿ ಬಡಿಯಲು ಹೋದಳು. ಆ ದಿನದ ರೊಟ್ಟಿಯ ಸದ್ದು ಒಂದು ಏಟೂ ಹೆಚ್ಚು ಜೋರಾಗಿರಲಿಲ್ಲ. ನನಗೆ ಅಳು ಬಂದಂತಾಯಿತು.

ಮುಂದಿನ ವಾರವೇ ಕಲಬುರ್ಗಿಗೆ ಓಡಿ ಅಂಗಡಿಯವನಿಂದ ಆ ದೂರದೇಶದವರಿಗೆ ಇಮೇಲ್ ಬರೆಸಿದೆ. ಹಳೆಯ ಯಂತ್ರದ ಹದಿನಾರು ಅಂಕಿಗಳ ಗುರುತಿನ ಸಂಖ್ಯೆ, ಪ್ರತಿ ಉತ್ತರದ ಜೊತೆ ಕೊಟ್ಟು ಕೊಟ್ಟು, ನನಗೆ ಬಾಯಿಪಾಠವಿತ್ತು, ಅದನ್ನೂ ಕಾಣಿಸಿದೆ. ನಾಲ್ಕೇ ದಿನಕ್ಕೆ ಉತ್ತರ ಬಂತು. ಫ್ಲಾಪಿಯಲ್ಲಿದ್ದ ಆ ಕಡತ ಇಲ್ಲದೆ ಗುರುತನ್ನು ಹೊಸ ಯಂತ್ರಕ್ಕೆ ಸಾಗಿಸಲಾಗದು, ಕ್ಷಮಿಸಿ. ಆದರೆ ಸುಲೋಚನಾ ಮುಗಿಸಿದ ಹನ್ನೊಂದು ಸಂಖ್ಯೆಗಳು ನಮ್ಮ ಪಟ್ಟಿಯಲ್ಲಿ ಸದಾ ಅವಳ ಹೆಸರಿನಲ್ಲೇ ಇರುತ್ತವೆ, ಅವಳ ಶ್ರಮಕ್ಕೆ ಕೃತಜ್ಞತೆಗಳು, ಎಂದಿತ್ತು. ಮುಖ ನೋಡದ ಜನ ಇಟ್ಟುಕೊಂಡ ಹೆಸರನ್ನು ಇಪ್ಪತ್ತು ವರ್ಷ ಅವಳ ಕೈಯ ರೊಟ್ಟಿ ತಿಂದ ನಾನು ಎರಡೆರಡು ಸಲ ಅಳಿಸಿದ್ದೆ. ಓದಿ ಹೇಳಿದಾಗ ಅವಳು, “ಚಲೋ ಮಂದಿ ಕಾಣ್ತಾರ” ಎಂದಳು.

ಅಂದೇ ನಿಶ್ಚಯಿಸಿದೆ, ಆ ಅಫಿಡವಿಟ್ಟನ್ನು ಈಗಲಾದರೂ ಮಾಡಿಸಬೇಕು. ನೌಕರಿ ಬರುವುದಿಲ್ಲ, ಏನೂ ಬರುವುದಿಲ್ಲ. ಆದರೂ ಇಬ್ಬರೂ ಒಬ್ಬಳೇ ಎಂದು ಒಂದು ಕಾಗದವಾದರೂ ಹೇಳಲಿ. ಎಲ್ಲ ಟೈಪು ಮಾಡಿಸಿಟ್ಟು, ಸಹಿಗೆ ಮಾತ್ರ ಅವಳನ್ನು ಕರೆದೊಯ್ದು ಬೆರಗಾಗಿಸೋಣ ಎಂದು ಒಬ್ಬನೇ ಜೇವರ್ಗಿಗೆ ಹೋದೆ. ಕೋರ್ಟಿನೆದುರು ಬೇವಿನ ಮರದ ಕೆಳಗೆ ಕೂತಿದ್ದ ವಕೀಲರು ಕಾಗದ ತೆಗೆದರು.

“ನೀಲಮ್ಮ ಉರ್ಫ್ ಸುಲೋಚನಾ. ಆಯ್ತ್ರಿ ಸರ್. ಹುಟ್ಟಿದ ತಾರೀಖು?”

ಶ್ರಾವಣದಲ್ಲಿ ಹುಟ್ಟಿದವಳು ಎಂದು ಗೊತ್ತಿತ್ತು. ಹಾಗೆಂದೆ.

“ಶ್ರಾವಣ ನಡ್ಯಂಗಿಲ್ರಿ. ತರಬೇತಿ ಪಾಸಾದ ವರ್ಷ? ಸರ್ಟಿಫಿಕೇಟ್ ನಂಬರ್?”

ನನ್ನ ತಲೆಯಲ್ಲಿದ್ದುದು ಆ ಹದಿನಾರು ಅಂಕಿಗಳು ಮಾತ್ರ. ಅವು ಪಟಪಟನೆ ನಾಲಿಗೆಯ ತುದಿಗೆ ಬಂದು ನಿಂತವು. ನುಂಗಿಕೊಂಡೆ. ವಕೀಲರು ಪೆನ್ನಿನ ಟೋಪಿ ಹಾಕಿ, “ಅವರನ್ನೇ ಕರ್ಕೊಂಡು ಬರ್ರಿ ಸರ್. ಅವರದು ಅವರಿಗೇ ಗೊತ್ತಿರ್ತದ” ಎಂದರು.

ಮಧ್ಯಾಹ್ನ ಮನೆಗೆ ಬಂದವನು ನೇರ ಅಡುಗೆಮನೆಯ ಬಾಗಿಲಲ್ಲಿ ನಿಂತು ನಿನ್ನ ಹುಟ್ಟಿದ ತಾರೀಖು ಯಾವುದು ಎಂದು ಕೇಳಿದೆ. ಯಾಕೆ ಎಂದಳು. ಹೇಳಬೇಕಾಯಿತು. ಅವಳು ಕೈ ತೊಳೆದುಕೊಂಡು ಒಳಗೆ ಹೋದಳು. ಟ್ರಂಕಿನ ಮುಚ್ಚಳದ ಸದ್ದು ಕೇಳಿತು. ಹೊರಗೆ ಬಂದಾಗ ಸೀರೆ ಬದಲಾಗಿತ್ತು, ಕೈಯಲ್ಲಿ ಸರ್ಟಿಫಿಕೇಟಿತ್ತು.

“ನಾಳಿ ಮುಂಜಾನಿ ಬಸ್ಸಿಗಿ ಹೋಗೋಣು” ಎಂದೆ.

“ನಿಮ್ಮ ನಾಳಿ ನನಗ ಗೊತ್ತದ. ಮೂರೂವರಿ ಬಸ್ ಅದ, ಏಳ್ರಿ.”

ಮೂರೂವರೆಯ ಬಸ್ಸು ಜೇವರ್ಗಿ ಮುಟ್ಟುವಷ್ಟರಲ್ಲಿ ಕೋರ್ಟಿಗೆ ಬೀಗ ಬಿದ್ದಿರುತ್ತದೆ, ಬೇವಿನ ಮರದ ಕೆಳಗೆ ಯಾರೂ ಇರುವುದಿಲ್ಲ. ಗಣಿತದ ಮಾಸ್ತರನಾಗಿ ಈ ಲೆಕ್ಕವನ್ನು ಬಿಡಿಸಿ ಹೇಳಲು ಬಾಯಿ ತೆರೆದೆ. ಅವಳಾಗಲೇ ಅಂಗಳ ದಾಟಿದ್ದಳು. ಬಾಯಿ ಮುಚ್ಚಿಕೊಂಡು, ಬಿಚ್ಚಿಟ್ಟಿದ್ದ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡೆ.